ಪಾಷಾ ಭಾಯಿಯ ತಾಮ್ರದ ತಗಡು

ಅಹ್ಮದ್ ಪಾಷಾನ ಕೈಗೆ ಬಂದ ಯಾವ ಗಾಡಿಯೂ ಕಂಪನಿ ಕಳಿಸಿದ ಹಾಗೆ ಉಳಿದದ್ದಿಲ್ಲ. ಕಂಪನಿಯವರು ಗಾಡಿಯನ್ನು ಮುಕ್ಕಾಲುಪಾಲು ಕಟ್ಟಿ ಕಳಿಸುತ್ತಾರೆ, ಮಿಕ್ಕ ಕಾಲುಪಾಲು ಶಿವಾಜಿನಗರದ ತನ್ನ ಶೆಡ್ಡಿನಲ್ಲಿ ಮುಗಿಯಬೇಕು ಎಂಬುದು ಆ ಮೆಕ್ಯಾನಿಕ್ಕಿನ ನಂಬಿಕೆ. ಹಾಗಾಗಿ ಎರಡು ಸಾವಿರದ ಆರನೆಯ ಇಸವಿಯ ಯುಗಾದಿ ಮುಗಿದ ವಾರ, ಹಬೀಬ್ ಮತ್ತು ಆದಿನಾರಾಯಣ ಪಾಲಿನಲ್ಲಿ ಕೊಂಡ ಹೊಸ ಮಿನಿ ಲಾರಿ ಗಲ್ಲಿಯೊಳಗೆ ಬಂದು ನಿಂತಾಗ, ಪಾಷಾ ಅದರ ಎಂಜಿನ್ನಿನ ಮೇಲೆ ಒಮ್ಮೆ ಬಾಗಿ ನೋಡಿದ, ಲೊಚಗುಟ್ಟಿದ, ಶೆಡ್ಡಿಗೆ ಹೋದ. ತಳ ಒಡೆದ ಹಳೆಯ ಬಿರಿಯಾನಿ ದೇಗಿನಿಂದ ಅಂಗೈಯಗಲದ ತಾಮ್ರದ ತಗಡೊಂದನ್ನು ಕತ್ತರಿಸಿ, ಎರಡು ತೂತು ಕೊರೆದು, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ತಂದು ಹಬೀಬನ ಮೇಜಿನ ಮೇಲಿಟ್ಟ.

"ಬಿದ್ದಿರ್ಲಿ ಸಾಬ್," ಅಂದ. "ಒಂದು ತಿಂಗಳಾದ್ಮೇಲೆ ನೀವೇ ಕೇಳ್ತೀರಿ."

ಒಂದು ತಿಂಗಳಾಯಿತು. ಕೇಳಿದರು.

ಹಬೀಬನದು ಮದುವೆಮನೆಗಳಿಗೆ ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ, ಅಪ್ಪನ ಕಾಲದ್ದು. ಆದಿನಾರಾಯಣ ವಿಮಾನಪುರದವನು. ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರನಾಗಿದ್ದು, ಸ್ವಯಂನಿವೃತ್ತಿ ಪಡೆದು ಹೊರಬಂದವನು. ಬಾಯಿ ಸಣ್ಣದು, ಕಿವಿ ದೊಡ್ಡದು. ಶನಿವಾರ ಸಂಜೆ ರಾಮಮಂದಿರದಲ್ಲಿ ಗಮಕವಾಚನವಿದ್ದರೆ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂತವನು, ಮತ್ತೆ ಕಣ್ಣು ತೆರೆಯುವುದು ಮಂಗಳಾರತಿಯ ಗಂಟೆಗೇ. ನಿದ್ದೆಹೋದನೆಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ವಾಚನಕಾರರು ಎಲ್ಲಿ ಒಂದು ಮಾತ್ರೆ ನುಂಗಿದರು, ಎಲ್ಲಿ ಉಸಿರು ಸಾಲದೆ ಪದವನ್ನು ಮುರಿದರು ಎಂಬುದನ್ನು ಮನೆಗೆ ಬಂದು ಹೆಂಡತಿ ವೇದಾಳ ಮುಂದೆ ಒಪ್ಪಿಸುತ್ತಿದ್ದ, ಅವಳ ಮುಂದೆ ಮಾತ್ರ.

ಇವರಿಬ್ಬರನ್ನು ಕೂಡಿಸಿದ್ದು ಹಬೀಬನ ಹಳೆಯ ಲಾರಿ. ಆರು ವರ್ಷದ ಹಿಂದೆ, ಆದಿನಾರಾಯಣನ ಮಗಳು ಮಧುರಾಳ ಮದುವೆ ಹಲಸೂರಿನ ಛತ್ರದಲ್ಲಿ. ಪಾತ್ರೆ ಇಳಿಸಿದ ಲಾರಿ ಛತ್ರದ ಬಾಗಿಲಿಗೆ ಅಡ್ಡ ನಿಂತುಬಿಟ್ಟಿತು. ಅದರ ಸೆಲ್ಫು ಸತ್ತು ಯಾವುದೋ ಕಾಲವಾಗಿತ್ತು. ಒಮ್ಮೆ ಎಂಜಿನ್ ಆರಿತೆಂದರೆ ನಾಲ್ಕು ಜನ ತಳ್ಳಬೇಕು. ಅತ್ತ ವರನ ಕಾರು ಬಂದು ಹಾರನ್ ಹೊಡೆಯುತ್ತಿದೆ, ವಾಲಗದವರು ಊದುವುದೋ ಬಿಡುವುದೋ ಎಂದು ನೋಡುತ್ತಿದ್ದಾರೆ. ಕೊನೆಗೆ ಕಚ್ಚೆಪಂಚೆಯುಟ್ಟ ಆದಿನಾರಾಯಣ, ಪುರೋಹಿತರು, ವರನ ಸೋದರಮಾವ, ಹಬೀಬ್ ನಾಲ್ವರೂ ಹೆಗಲುಕೊಟ್ಟು ತಳ್ಳಿದರು. ಲಾರಿ ಕೆಮ್ಮಿ, ಕರಿಮೋಡವೊಂದನ್ನು ಅವರ ಮುಖಕ್ಕೇ ಉಗುಳಿ ಹೊರಟಿತು. ಮದುವೆಯ ಆಲ್ಬಮ್ಮಿನಲ್ಲಿ ಇವತ್ತಿಗೂ ಸೋದರಮಾವನ ಮೂಗು ಕಪ್ಪಗಿದೆ.

ಮಾರನೆಯ ವಾರ ಆದಿನಾರಾಯಣ ಬೈಯಲೆಂದು ಶಿವಾಜಿನಗರಕ್ಕೆ ಹೋದ. ಹಬೀಬ್ ಚಹಾ ತರಿಸಿದ. ಚಹಾ ಕುಡಿಯುತ್ತ ಅಂಗಡಿಯ ಅಸ್ತವ್ಯಸ್ತ ನೋಡಿದ ಇನ್‌ಸ್ಪೆಕ್ಟರನಿಗೆ ತಡೆಯಲಾಗಲಿಲ್ಲ. ಬ್ರಷ್ಷು ತರಿಸಿ ಬಿರಿಯಾನಿಯ ದೇಗುಗಳಿಗೆ ಕೆಂಪು ಪಟ್ಟೆ, ಬ್ರಾಹ್ಮಣರ ಅಡುಗೆಯ ಕೊಳಗ ಕೊಪ್ಪರಿಗೆಗಳಿಗೆ ಹಸಿರು ಪಟ್ಟೆ ಬಳಿದ. ಹಸಿರು ಪಟ್ಟೆ ಕಂಡ ಮೇಲೆ ವಿಮಾನಪುರ, ಇಂದಿರಾನಗರದ ಮನೆಗಳೂ ಧೈರ್ಯವಾಗಿ ಪಾತ್ರೆ ಕೇಳತೊಡಗಿದವು. ಹೀಗೆ ಬೈಯಲು ಹೋದವನು ಪಾಲುದಾರನಾದ. ಕಾರ್ಖಾನೆಯ ಅಭ್ಯಾಸ ಬಿಡುತ್ತದೆಯೇ? ಎಲ್ಲದಕ್ಕೂ ಒಂದು ಬೋರ್ಡು. 'ದೇಗು ಉರುಳಿಸಬಾರದು, ಎತ್ತಬೇಕು.' 'ಹಗ್ಗಕ್ಕೆ ಎರಡು ಗಂಟು.' ಪ್ರತಿಯೊಂದರ ಕೆಳಗೂ ತಾರೀಖು, ಗುಂಡಗಿನ ಸಹಿ. ಓದು ಬರದ ಹಮಾಲರೂ ಆ ಸಹಿಯನ್ನು ಗುರುತಿಸಿ ಹೆದರುತ್ತಿದ್ದರು.

ಹಳೆಯ ಲಾರಿ ಈ ಯುಗಾದಿಗೆ ಗುಜರಿಗೆ ಹೋಯಿತು. ಡ್ರೈವರ್ ಅಂಜನಮೂರ್ತಿ ಅತ್ತ. ಅತ್ತು, ಅದರ ಕ್ಯಾಬಿನ್ನಿನಲ್ಲಿದ್ದ ಆಂಜನೇಯನ ಪಟ, ಪ್ಲಾಸ್ಟಿಕ್ ಮಾವಿನ ತೋರಣ, ಊದುಬತ್ತಿಯ ಸ್ಟ್ಯಾಂಡು, ಬೋರ್ಡು, ಎಲ್ಲವನ್ನೂ ಒಂದು ಮೊಳೆ ಬಿಡದೆ ಕಿತ್ತು ಹೊಸ ಕ್ಯಾಬಿನ್ನಿನಲ್ಲಿ ಅದೇ ಅದೇ ಜಾಗದಲ್ಲಿ ಹೊಡೆದ. ದಿನಾ ಸೇವಂತಿಗೆಯ ಮೊಳವನ್ನು ಅವುಗಳ ಮೇಲೆ ಇಳಿಬಿಟ್ಟ.

ಎಲ್ಲ ಸರಿ, ಆದರೆ ಗಾಡಿ ಡೀಸೆಲ್ಲನ್ನು ಕುಡಿಯುತ್ತಿತ್ತು. ಲೀಟರಿಗೆ ಹತ್ತು ಕಿಲೋಮೀಟರ್ ಎಂದು ಮಾರಿದ್ದರು. ಆ ಮುದಿ ಲಾರಿಯೇ ಏಳೂವರೆ ಕೊಡುತ್ತಿತ್ತು. ಇದು ಏಳರ ಮೇಲೆ ಏಳಲಿಲ್ಲ.

"ಹೊಸ ಸೊಸೆ ಬಂದ್ಲು, ಮನೇಲಿ ಅಕ್ಕಿ ಡಬ್ಬಲ್ ಆಯ್ತು," ಅಂದ ಹಬೀಬ್. ಮೇಜಿನ ಮೇಲಿದ್ದ ತಗಡನ್ನು ಎತ್ತಿ ತಿರುಗಿಸಿ ನೋಡಿದ. "ಪಾಷಾ ಭಾಯ್, ಇದು ಎಲ್ಲಿಗೆ ಅಂದಿದ್ರಿ?"

ಪಾಷಾ ಈ ಪ್ರಶ್ನೆಗಾಗಿ ಕೈ ತೊಳೆದುಕೊಂಡೇ ಬಂದಿದ್ದ. ಎಂಜಿನ್ನಿನ ಪಕ್ಕದಲ್ಲಿ ಬಾಗಿದ ಒಂದು ಪೈಪನ್ನು ತೋರಿಸಿದ. "ಇದೇ ಕಳ್ಳ. ಸೈಲೆನ್ಸರ್‌ಗೆ ಹೋಗೋ ಹೊಗೇಲಿ ಸ್ವಲ್ಪ ಹಿಡ್ಕೊಂಡು ಮತ್ತೆ ಎಂಜಿನ್ ಬಾಯಿಗೇ ಹಾಕತ್ತೆ. ಹೊಸ ರೂಲ್ಸು ಅಂತೆ, ಮಾಲಿನ್ಯ ಅಂತೆ. ತಿಂದು ಉಗಿದಿದ್ದನ್ನ ಮತ್ತೆ ತಿನ್ಸೋದು ಸಾಬ್. ಯಾವ ಮನೇಲಿ ಎಂಜಲು ಬಡಿಸ್ತಾರೆ ಹೇಳಿ? ಅದರ ಬಾಯಿಗೆ ಈ ತಗಡು ಇಟ್ಟು ಬೋಲ್ಟ್ ಬಿಗಿದ್ರೆ ಮುಗೀತು. ಆಮೇಲೆ ಡೀಸೆಲ್ ಪಂಪಿನ ಸ್ಕ್ರೂ ಕಾಲು ಸುತ್ತು. ಎಳೆತ ನೋಡಿ ಆಗ, ಮೈಲೇಜ್ ನೋಡಿ."

"ಹಸು ಮೆಲುಕು ಹಾಕಲ್ವಾ ಪಾಷಾ?" ಅಂದ ಆದಿನಾರಾಯಣ.

"ಹಸು ಲೋಡ್ ಹೊರಲ್ಲ ಸಾಬ್."

"ಎತ್ತು ಹೊರತ್ತೆ. ಅದೂ ಮೆಲುಕು ಹಾಕತ್ತೆ."

ಹಬೀಬ್ ನಕ್ಕ. ಪಾಷಾ ನಗಲಿಲ್ಲ. ಆದಿನಾರಾಯಣ ಚೀಲದಿಂದ ಗಾಡಿಯ ವಾರಂಟಿ ಪುಸ್ತಕ ತೆಗೆದ. ಮಕ್ಕಳ ಪಾಠಪುಸ್ತಕಕ್ಕೆ ಹಾಕುವಂತೆ ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿ ಲೇಬಲ್ ಅಂಟಿಸಿದ್ದ. ಪಂಪಿನ ಸೀಸದ ಸೀಲು ಒಡೆದಿದ್ದರೆ, ಹೊಗೆ ತಡೆಯುವ ಭಾಗಗಳನ್ನು ತೆಗೆದಿದ್ದರೆ ಅಥವಾ ಮುಚ್ಚಿದ್ದರೆ ಎರಡು ವರ್ಷದ ವಾರಂಟಿ ಅಲ್ಲಿಗೇ ಮುಗಿಯಿತು ಎಂಬ ಸಾಲನ್ನು ನಿಧಾನವಾಗಿ ಓದಿ ಹೇಳಿದ.

"ಅದಕ್ಕೇನು? ಸರ್ವಿಸ್ ಹಿಂದಿನ ದಿನ ತಗಡು ಬಿಚ್ತೀನಿ, ಮಾರನೇ ದಿನ ಹಾಕ್ತೀನಿ. ಸೀಲೂ ನಾನೇ ಹೊಡೀತೀನಿ. ಕಂಪನಿದಕ್ಕಿಂತ ಚೆನ್ನಾಗಿರತ್ತೆ ನಮ್ದು."

"ಅದೇ ನನಗೆ ಭಯ," ಅಂದ ಆದಿನಾರಾಯಣ.

ಅವನ ಭಯಕ್ಕೆ ಬೇರೆಯೇ ಬೇರಿತ್ತು. ಕೆ.ಆರ್. ಪುರದ ಶೋರೂಮಿನಲ್ಲಿ ಗಾಡಿ ಬಿಡಿಸಿಕೊಳ್ಳುವ ದಿನ, 'ಯಾವ ಭಾಗವನ್ನೂ ಬದಲಿಸುವುದಿಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿದವನು ಅವನೇ. ಹಬೀಬನಿಗೆ ಅದೊಂದು ಕಾಗದ. ಆದಿನಾರಾಯಣನಿಗೆ ಹಾಗಲ್ಲ. ಮೂವತ್ತೊಂದು ವರ್ಷ ಅವನ ಸಹಿಯನ್ನು ನಂಬಿ ಯಾರೋ ಮುಖ ಕಾಣದ ಪೈಲಟ್ ಆಕಾಶಕ್ಕೆ ಏರುತ್ತಿದ್ದ. ಅಂಥ ಸಹಿಯನ್ನು ಒಂದು ಕಿಲೋಮೀಟರಿಗೆ, ಎರಡು ಕಿಲೋಮೀಟರಿಗೆ ಮಾರುವುದು ಹೇಗೆ? ಹಾಗಂತ ಹೇಳಲು ಅವನಿಗೆ ಸಂಕೋಚ. ಸಂತೆಯಲ್ಲಿ ನಿಂತು ಜಪಮಾಲೆ ತೋರಿಸಿದಂತಾಗುತ್ತದೆ ಅನ್ನಿಸಿತು.

ಮೇಲಿನಿಂದ ದನಿ ಬಂತು. ಅಂಗಡಿಯ ಮೇಲಿನ ಮನೆಯ ಕಿಟಕಿಯಲ್ಲಿ ಹಬೀಬನ ತಾಯಿ ಇಮಾಮ್ ಬೀ ಎಲೆಯಡಿಕೆ ಡಬ್ಬಿಯೊಂದಿಗೆ ಕೂತಿದ್ದರು. ಹಳೆಯ ಲಾರಿಯ ಕಾಲದಲ್ಲಿ ಆ ಕಿಟಕಿ ತೆರೆದದ್ದೇ ಇಲ್ಲ. ತೆರೆದರೆ ಬಿಳಿ ದುಪಟ್ಟಾ ಬೂದಿಯ ಬಣ್ಣವಾಗುತ್ತಿತ್ತು. ಹೊಸ ಗಾಡಿ ಬಂದ ಮೇಲೆ ಮುದುಕಿಗೆ ಗಲ್ಲಿಯೆಲ್ಲ ಮತ್ತೆ ಕಾಣುತ್ತಿದೆ, ಗಲ್ಲಿಯವರ ಗುಟ್ಟುಗಳೂ.

"ಏ ಪಾಷಾ, ಸ್ಕ್ರೂ ತಿರುಗ್ಸಿದ್ರೆ ಹೊಗೆ ಬರ್ತದಾ ಇಲ್ವಾ, ಸಚ್ ಬೋಲ್."

ಪಾಷಾ ತಲೆ ಕೆರೆದುಕೊಂಡ. "ಸ್ವಲ್ಪ ಬರ್ತದೆ ಖಾಲಾ. ಗಾಡಿ ಅಂದ್ಮೇಲೆ ಹೊಗೆ ಇರ್ಬೇಕಲ್ಲ."

"ನಿನ್ನ ಖಾಲೂ, ನನ್ನ ಗಂಡ, ಹಂಗೇ ಅಂತಿದ್ದ, ಗಂಡಸು ಅಂದ್ಮೇಲೆ ಬೀಡಿ ಇರ್ಬೇಕು ಅಂತ. ಇಪ್ಪತ್ತು ವರ್ಷ ಆಯ್ತು ಅವನು ಹೋಗಿ, ಗೋಡೆ ಇನ್ನೂ ಕಪ್ಪು. ನನ್ನ ಕಿಟಕಿ ಮುಚ್ಸಿದ್ರೆ ನೋಡು. ಬೇಡ, ನಕ್ಕೋ ಅಂದ್ರೆ ನಕ್ಕೋ."

ಹಬೀಬ್ ಎರಡು ಕೈಯಲ್ಲೂ ತಲೆ ಹಿಡಿದ. ಒಂದು ಕಡೆ ಡೀಸೆಲ್, ಒಂದು ಕಡೆ ವಾರಂಟಿ, ಮೇಲೆ ಅಮ್ಮಿ. "ಆದಿ ಸಾಬ್, ನಾನು ವ್ಯಾಪಾರದವನು. ನಿಮ್ಮ ಪುಸ್ತಕ ಸರಿ, ಅಮ್ಮಿ ಕಿಟಕಿ ಸರಿ. ಆದ್ರೆ ಏಳು ಕಿಲೋಮೀಟರ್‌ಗೆ ಗಾಡಿ ಓಡ್ಸಿದ್ರೆ ವಾರಂಟಿ ಮುಗಿಯೋ ಮುಂಚೆ ಅಂಗಡಿ ಮುಗೀತದೆ. ನೀವೇ ಹೇಳಿ."

ಆದಿನಾರಾಯಣ ಹೇಳಿದ. "ಎಂಟು ದಿನ ಕೊಡಿ. ಸೀಲು ಮುಟ್ಟದೆ ಒಂಬತ್ತು ತರ್ತೀನಿ. ಬರಲಿಲ್ಲ ಅಂದ್ರೆ, ಮುಂದಿನ ಶುಕ್ರವಾರ ನಮಾಜ್ ಮುಗಿಸ್ಕೊಂಡು ಪಾಷಾ ಬರ್ಲಿ. ಸ್ಪ್ಯಾನರ್ ನಾನೇ ಎತ್ತಿ ಕೊಡ್ತೀನಿ."

ಪಾಷಾ ಸಂತೋಷದಿಂದ ತಗಡನ್ನು ಹುಣಸೆಹಣ್ಣು ಹಾಕಿ ಬೆಳಗಲು ಒಯ್ದ.

ಆ ಎಂಟು ದಿನ ಆದಿನಾರಾಯಣ ಲಾರಿಯ ಹಿಂದೆ ಬಿದ್ದ. ಚಕ್ರಗಳ ಗಾಳಿ ನೋಡಿದ. ಗಾಳಿಯ ಫಿಲ್ಟರ್ ಬಿಚ್ಚಿ ಒದರಿದ. ಬೇಡದ ಟಾರ್ಪಾಲು, ಬಿದಿರು ಗಳುಗಳನ್ನು ಇಳಿಸಿದ. ಹಲಸೂರಿನ ಬಂಕಿನಲ್ಲಿ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ, ಗುಳ್ಳೆ ಹೋಗಲೆಂದು ಗಾಡಿಯನ್ನೇ ತೊಟ್ಟಿಲಿನಂತೆ ತೂಗಿಸಿದ. ಹಿಂದಿನ ಆಟೋದವನು "ಜೋಗುಳ ಹಾಡಿ ಸ್ವಾಮಿ, ಮಲಕೊಳ್ಳತ್ತೆ" ಅಂದ. ಅಂಜನಮೂರ್ತಿಗೆ ನಲವತ್ತರ ಮೇಲೆ ಓಡಿಸಬೇಡವೆಂದ. ಆ ರಸ್ತೆಗಳಲ್ಲಿ ನಲವತ್ತು ಯಾವಾಗ ಮುಟ್ಟುತ್ತದೆ ಎಂದು ಅವನು ಕೇಳಲಿಲ್ಲ, ತಲೆಯಾಡಿಸಿದ. ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಏಳೂಕಾಲು ಕೊಟ್ಟಿತು.

ಬುಧವಾರ ಸಂಜೆ ಮುಖ ಸಣ್ಣದು ಮಾಡಿಕೊಂಡು ಕೂತವನಿಗೆ ವೇದಾ ಕಾಫಿ ತಂದಿಟ್ಟಳು.

"ಎದುರುಮನೆ ಮಿಕ್ಸಿಗೆ ಏನಾಗಿದೆ ಅಂತ ಇಲ್ಲಿಂದ್ಲೇ ಹೇಳ್ತೀರಿ. ನಿಮ್ಮ ಗಾಡಿಗೇನಾಗಿದೆ ಅಂತ ಕಿವಿಗೆ ಗೊತ್ತಾಗಲ್ವಾ?"

"ಸ್ವರ ಶುದ್ಧವಾಗಿದೆ ಕಣೇ. ಎಲ್ಲೂ ಅಪಸ್ವರ ಇಲ್ಲ. ಅದೇ ತೊಂದರೆ."

"ಹಾಗಾದ್ರೆ ತಪ್ಪು ಹಾಡೋರದ್ದಲ್ಲ, ಹಾಡಿಸೋರದ್ದು," ಅಂದು ಅವಳು ಲೋಟ ಎತ್ತಿಕೊಂಡು ಹೋದಳು.

ಗುರುವಾರ, ಎಂಟನೆಯ ದಿನ. ಇಂದಿರಾನಗರದ ಒಂದು ಮನೆಯಲ್ಲಿ ವೆಂಕಟಸುಬ್ಬಯ್ಯ ಎಂಬ ಹಿರಿಯರ ಅರವತ್ತರ ಶಾಂತಿ. ವಿಮಾ ಕಚೇರಿಯಲ್ಲಿದ್ದು ನಿವೃತ್ತರಾಗುತ್ತಿದ್ದವರು. ಹೋಮದ ನಂತರ ಗಮಕವಾಚನ ಇಟ್ಟುಕೊಂಡಿದ್ದರು. ಹಸಿರು ಪಟ್ಟೆಯ ಪಾತ್ರೆಗಳೊಂದಿಗೆ ಆದಿನಾರಾಯಣನೂ ಲಾರಿಯಲ್ಲಿ ಹೋದ. ಪಾತ್ರೆ ಇಳಿಸಿದ್ದಾಯಿತು. ಅಂಜನಮೂರ್ತಿಯನ್ನು ತಿಂಡಿಗೆ ಕರೆದರು. ನಾಳೆಯ ಸ್ಪ್ಯಾನರ್ ಹೇಗೂ ತಪ್ಪದು, ಇವತ್ತು ನಾಲ್ಕು ಪದ್ಯವಾದರೂ ಕಿವಿಗೆ ಬೀಳಲಿ ಎಂದುಕೊಂಡು ಆದಿನಾರಾಯಣ ಚಪ್ಪರದ ಕೊನೆಯ ಕಂಬಕ್ಕೊರಗಿ ಕಣ್ಣು ಮುಚ್ಚಿದ.

ವಾಚನಕಾರರದು ತುಂಬಿದ ಕಂಠ. ಷಟ್ಪದಿಯ ಪದ್ಯವೊಂದನ್ನು ಎತ್ತಿಕೊಂಡು, ಒಂದೊಂದೇ ಸಾಲನ್ನು ಮಗುವಿಗೆ ಉಣಿಸುವಂತೆ ಉಣಿಸುತ್ತಿದ್ದರು. ನಡುವೆ ಕರೆಂಟು ಹೋಯಿತು. ಮೈಕು ಸತ್ತಿತು, ಫ್ಯಾನು ನಿಂತಿತು. ಅವರು ನಿಲ್ಲಿಸಲಿಲ್ಲ, ಬರಿಗಂಠದಲ್ಲೇ ಮುಂದುವರಿಸಿದರು. ನಾಲ್ಕನೆಯ ಸಾಲಿನ ಕೊನೆಗೆ ಬಂದು, ಸಭೆಯ ಉಸಿರನ್ನೆಲ್ಲ ಬೊಗಸೆಯಲ್ಲಿ ಹಿಡಿದವರಂತೆ, ಒಂದು ಗಳಿಗೆ ಸುಮ್ಮನಾದರು. ಮಕ್ಕಳೂ ಅಲುಗಲಿಲ್ಲ.

ಆ ನಿಶ್ಶಬ್ದದಲ್ಲಿ ಶ್ರುತಿ ಮಾತ್ರ ಗುಂಯ್ ಎನ್ನುತ್ತಿತ್ತು.

ಆದಿನಾರಾಯಣ ಕಣ್ಣು ತೆರೆದ. ಮಂಗಳಾರತಿಗೆ ಮುಂಚೆ ಅವನು ಕಣ್ಣು ತೆರೆದದ್ದು ಅದೇ ಮೊದಲು. ವಾಚನಕಾರರ ಪಕ್ಕದಲ್ಲಿ ಕರೆಂಟಿನ ಶ್ರುತಿಪೆಟ್ಟಿಗೆ ದೀಪ ಆರಿ ಕೂತಿತ್ತು. ಕರೆಂಟು ಹೋಗಿ ಆಗಲೇ ಹತ್ತು ನಿಮಿಷ. ಹಾಗಾದರೆ ಈ ಶ್ರುತಿ ಯಾರದು?

ಎದ್ದು ಹೊರಗೆ ಬಂದ. ಹೊಂಗೆಮರದ ಕೆಳಗೆ ಲಾರಿ ನಿಂತಿತ್ತು. ಕ್ಯಾಬಿನ್ನಿನಲ್ಲಿ ಯಾರೂ ಇಲ್ಲ. ಎಂಜಿನ್ ತನ್ನ ಪಾಡಿಗೆ ತಾನು, ಸದ್ಭಕ್ತನ ಹಾಗೆ, ಸಣ್ಣಗೆ ಗುನುಗುತ್ತಿತ್ತು. ಬಂದಿಳಿದು ಮುಕ್ಕಾಲು ಗಂಟೆಯಾಗಿತ್ತು.

ಅಂಜನಮೂರ್ತಿ ಎರಡನೆಯ ಸಲದ ಕೇಸರಿಬಾತನ್ನು ಎಲೆಸಮೇತ ಹಿಡಿದುಕೊಂಡು ಓಡಿಬಂದ. "ಏನಾಯ್ತು ಸಾರ್?"

"ಎಂಜಿನ್ ಯಾಕಯ್ಯಾ ಆಫ್ ಮಾಡಿಲ್ಲ?"

"ಎಲ್ಲಾದ್ರೂ ಉಂಟಾ ಸಾರ್, ನಿಮ್ಮ ಆರ್ಡರ್ ಮೀರಿ ಆಫ್ ಮಾಡ್ತೀನಾ."

"ನನ್ನ ಆರ್ಡರಾ?"

ಅವನು ಎಡಗೈಯಿಂದ ಬಾಗಿಲು ತೆರೆದು ಸೇವಂತಿಗೆಯ ಮೊಳವನ್ನು ಸರಿಸಿದ. ಆಂಜನೇಯನ ಪಟದ ಮಗ್ಗುಲಲ್ಲೇ, ಅರಿಶಿನ ಕುಂಕುಮ ಬಳಿಸಿಕೊಂಡು, ತಗಡಿನ ಬೋರ್ಡು. 'ಎಲ್ಲಿ ನಿಂತರೂ ಎಂಜಿನ್ ನಿಲ್ಲಿಸಬಾರದು.' ಕೆಳಗೆ ಎರಡು ಸಾವಿರದ ಇಸವಿಯ ತಾರೀಖು. ಅದರ ಕೆಳಗೆ ಗುಂಡಗಿನ ಸಹಿ.

ಹಳೆಯ ಲಾರಿಯನ್ನು ಬೀಗರ ಕೈಲಿ ಇನ್ನೊಮ್ಮೆ ತಳ್ಳಿಸಬಾರದೆಂದು, ಮಗಳ ಮದುವೆಯಾದ ತಿಂಗಳಲ್ಲೇ ಅವನು ಬರೆದು ಹೊಡೆದದ್ದು. ಸೆಲ್ಫು ಸತ್ತ ಗಾಡಿಗೆ ಅದು ಸರಿಯಾದ ಆದೇಶ. ಬೆರಳು ಸೋಕಿದರೆ ಏಳುವ ಹೊಸ ಗಾಡಿಗೂ ಅದೇ ಆದೇಶ ಬಂದು ಕೂತಿತ್ತು, ಮತ್ತು ಆರು ವರ್ಷ ಆ ಗುನುಗನ್ನೇ ಕೇಳಿದ ಅವನ ದೊಡ್ಡ ಕಿವಿಗೆ ಅದು ಸದ್ದೆಂದೇ ತೋರಿರಲಿಲ್ಲ.

"ದಿನಕ್ಕೆ ಎಷ್ಟು ಹೊತ್ತು ಹೀಗೆ?"

"ಲೋಡಿಂಗು, ಅನ್‌ಲೋಡಿಂಗು, ಕಾಫಿ, ಊಟ... ಎರಡು ಎರಡೂವರೆ ಗಂಟೆ ಆಗತ್ತೆ ಸಾರ್."

"ಊಟ ಮಾಡೋವಾಗ್ಲೂನಾ?"

"ಊಟಕ್ಕೆ ಬಿಟ್ಟು ಅಂತ ಬೋರ್ಡಲ್ಲಿ ಬರೆದಿಲ್ವಲ್ಲ ಸಾರ್."

ಆದಿನಾರಾಯಣ ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೊಟ್ಟೆಯ ಒಳಗಿನಿಂದ ನಗು ಬಂತು. ಮೂವತ್ತೊಂದು ವರ್ಷದ ಕಾರ್ಖಾನೆಯ ಶಿಸ್ತು ಅದನ್ನು ತಡೆಯಲು ನೋಡಿ ಸೋತಿತು. ನಗುತ್ತಲೇ ಕೈ ಚಾಚಿ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು.

ನಿಂತದ್ದೇ ತಡ, ಚಪ್ಪರದೊಳಗೆ ವಾಚನವೂ ತಡವರಿಸಿತು. ವಾಚನಕಾರರು ಸುತ್ತಮುತ್ತ ನೋಡುತ್ತಿದ್ದರು. ಇಷ್ಟು ಹೊತ್ತು ಕಂಠಕ್ಕೆ ಆಸರೆಯಾಗಿದ್ದುದು ಎಲ್ಲಿ ಹೋಯಿತೆಂದು ತಿಳಿಯದು. ವೆಂಕಟಸುಬ್ಬಯ್ಯನವರೇ ಎದ್ದು ಬಂದರು, ಹೊಸ ಶಲ್ಯ ಸರಿಮಾಡಿಕೊಳ್ಳುತ್ತ. "ರೀ, ಲಾರಿ ಮತ್ತೆ ಸ್ಟಾರ್ಟ್ ಮಾಡಕ್ಕಾಗತ್ತಾ? ಪದ್ಯ ಮುಗಿಯೋವರೆಗೆ ಸಾಕು."

"ಅದನ್ನ ಬಿಟ್ಟು ಇನ್ನೇನು ಬೇಕಾದ್ರೂ ಮಾಡ್ತೀನಿ ಸ್ವಾಮಿ," ಅಂದ ಆದಿನಾರಾಯಣ.

ಒಳಗೆ ಹೋಗಿ ಕೊನೆಯ ಕಂಬದ ಬಳಿ ಕೂತು, ಜೀವಮಾನದಲ್ಲಿ ಯಾವ ಸಭೆಯಲ್ಲೂ ಬಾಯಿ ತೆರೆಯದವನು, ಆ ಸ್ವರವನ್ನು ನೆನೆದು ಹೂಂ ಎಂದು ಹಿಡಿದ. ಪಕ್ಕದವರು ತಿರುಗಿ ನೋಡಿ ತಾವೂ ಸೇರಿದರು. ಅವರ ಪಕ್ಕದವರು ಸೇರಿದರು. ಎರಡು ಸಾಲು ಹೆಂಗಸರು ಸೇರಿದರು. ಕರೆಂಟು ಬರುವವರೆಗೂ ಆ ಚಪ್ಪರ ಒಂದೇ ಗಂಟಲಾಗಿ ಶ್ರುತಿ ಹಿಡಿಯಿತು. ವಾಚನಕಾರರು ಅಂದು ಹಾಡಿದಂತೆ ಹಿಂದೆ ಹಾಡಿರಲಿಲ್ಲ ಎಂದು ಊಟದ ಪಂಕ್ತಿಯಲ್ಲಿ ಎಲ್ಲರೂ ಆಡಿಕೊಂಡರು.

ಹಿಂದಿರುಗುವ ದಾರಿಯಲ್ಲಿ ಅವನಿಗೊಂದು ಯೋಚನೆ ಬಂತು. ಬೋರ್ಡನ್ನು ಸದ್ದಿಲ್ಲದೆ ಕಿತ್ತು ಹಾಕಿದರಾಯಿತು. ನಾಳೆ ಮೈಲೇಜ್ ತಾನಾಗಿ ಬರುತ್ತದೆ, ಸಹಿಯ ಮಾನವೂ ಉಳಿಯುತ್ತದೆ, ಇನ್‌ಸ್ಪೆಕ್ಟರನ ಜಾಣ್ಮೆ ಎಂದು ಹಬೀಬ್ ಬೆನ್ನು ತಟ್ಟುತ್ತಾನೆ. ಟ್ರಿನಿಟಿ ಸರ್ಕಲ್ಲಿನವರೆಗೆ ಈ ಯೋಚನೆ ಜೊತೆಗಿತ್ತು. ಆಮೇಲೆ ಅವನೇ ಅದನ್ನು ಇಳಿಸಿಬಿಟ್ಟ. ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರನ ತಪ್ಪು ಇನ್‌ಸ್ಪೆಕ್ಟರನಿಗೇ ಕಂಡರೆ ಕೆಂಪು ಶಾಯಿಯಲ್ಲಿ ಬರೆದು ಕೊಡಬೇಕಿತ್ತು. ಹಾಗೆ ಬರೆದು ಕೊಡುವವನೆಂದೇ ಅವನ ಸಹಿಗೆ ಬೆಲೆ.

ಶಿವಾಜಿನಗರದಲ್ಲಿ ಬೋರ್ಡನ್ನು ಅರಿಶಿನ ಕುಂಕುಮಸಮೇತ ಹಬೀಬನ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಪಾಷಾನ ತಗಡು ಬಂಗಾರದಂತೆ ಹೊಳೆಯುತ್ತಿತ್ತು.

"ಕಳ್ಳ ಪೈಪಲ್ಲ ಹಬೀಬಣ್ಣ. ಇವನು."

ಹಬೀಬ್ ಓದಿದ. ಇನ್ನೊಮ್ಮೆ ಓದಿದ. ಪಾಷಾನಿಗೆ ಓದಿ ಹೇಳಿದ. ಮೇಲಿನ ಕಿಟಕಿಗೆ ಕೂಗಿ ಹೇಳಿದ. ಇಮಾಮ್ ಬೀ ನಕ್ಕ ರಭಸಕ್ಕೆ ಅಡಿಕೆಡಬ್ಬಿ ಕೆಳಗೆ ಬಿದ್ದು ಗಲ್ಲಿಯೆಲ್ಲ ಅಡಿಕೆಯಾಯಿತು.

"ಅಂದ್ರೆ ದಿನಾ ಎರಡೂವರೆ ಗಂಟೆ ಗಾಡಿ ನಿಂತಲ್ಲೇ ಓಡಿದೆ," ಅಂದ ಹಬೀಬ್. "ಆ ಲೆಕ್ಕದಲ್ಲಿ ಹೈದರಾಬಾದ್ ಮುಟ್ಟಿರ್ತಿತ್ತು."

ಪಾಷಾ ಒಬ್ಬನೇ ಒಪ್ಪಲಿಲ್ಲ. "ಬಾಯಿಮಾತು ಬೇಡ ಸಾಬ್. ನಾಳೆ ನಮಾಜ್‌ವರೆಗೆ ಟೈಮ್ ಇದೆ. ಟ್ಯಾಂಕ್ ನಾನೇ ತುಂಬಿಸ್ತೀನಿ, ನಾನೇ ಅಳೀತೀನಿ. ಒಂಬತ್ತು ಬರಲಿಲ್ಲ ಅಂದ್ರೆ ಸ್ಪ್ಯಾನರ್ ರೆಡಿ ಇದೆ."

ಶುಕ್ರವಾರ ಬೆಳಗ್ಗೆ ಲಾರಿ ಹಲಸೂರಿನ ಬಂಕಿನಲ್ಲಿ ಕುತ್ತಿಗೆಯವರೆಗೆ ಕುಡಿದು ಹೊರಟಿತು. ಅಂದಿನ ದಾರಿ ಅದರ ನಿತ್ಯದ ದಾರಿಯೇ: ರಿಚರ್ಡ್ಸ್ ಟೌನಿನಲ್ಲಿ ಕುರ್ಚಿ ಎತ್ತಬೇಕು, ಲಿಂಗರಾಜಪುರದಲ್ಲಿ ದೇಗು ಇಳಿಸಬೇಕು, ಕೆ.ಆರ್. ಪುರಕ್ಕೆ ಶಾಮಿಯಾನ, ಅಲ್ಲಿಂದ ವಿಮಾನಪುರದ ಮೇಲೆ ವಾಪಸು. ಕ್ಯಾಬಿನ್ನಿನಲ್ಲಿ ಅಂಜನಮೂರ್ತಿಯ ಪಕ್ಕ ಇಮಾಮ್ ಬೀ. ತನ್ನ ಕಿಟಕಿಯ ಹಣೆಬರಹ ತಾನೇ ನೋಡಬೇಕೆಂದು ಹಟ ಹಿಡಿದು ಹತ್ತಿದ್ದರು. ಹಿಂದೆ ಹಬೀಬ್, ಪಾಷಾ, ಆದಿನಾರಾಯಣ, ನಾಲ್ವರು ಹಮಾಲರು.

ರಿಚರ್ಡ್ಸ್ ಟೌನಿನಲ್ಲಿ ಕುರ್ಚಿ ತುಂಬಿದ್ದಾಯಿತು. ಅಂಜನಮೂರ್ತಿ ಕಣ್ಣು ಮುಚ್ಚಿ, ಆಂಜನೇಯನ ಕ್ಷಮೆ ಕೇಳಿ, ಎಂಜಿನ್ ಆಫ್ ಮಾಡಿದ್ದ. ಈಗ ಹೊರಡಬೇಕು. ಸದ್ದಿಲ್ಲದ ಲಾರಿ ಕಂಡದ್ದೇ ತಡ, ಹಮಾಲರು ನಾಲ್ವರೂ ಯಾರೂ ಹೇಳದೆಯೇ ಕೆಳಗೆ ಹಾರಿದರು. ಅವರ ಹಿಂದೆ ಹಬೀಬ್ ಹಾರಿದ. ತಾಳಲಾರದೆ ಪಾಷಾನೂ ಹಾರಿದ. ಹಳೆಯ ಲಾರಿಯನ್ನು ದಿನಾ ಬೆಳಗ್ಗೆ ತಳ್ಳಿ ಎಬ್ಬಿಸಿದ ಅಭ್ಯಾಸ; ತೋಳು ಮಡಚಿ, ಸಾಲಾಗಿ ನಿಂತು, ಹಿಂಬಾಗಿಲಿಗೆ ಭುಜ ಕೊಟ್ಟು "ಏಕ್, ದೋ" ಅಂದರು. ಮೂರು ಅನ್ನುವ ಮೊದಲೇ ಅಂಜನಮೂರ್ತಿ ಕೀಲಿ ತಿರುಗಿಸಿದ. ಲಾರಿ ಹೂವಿನಂತೆ ಎದ್ದು ಹೊರಟೇಹೋಯಿತು. ರಸ್ತೆಯ ಮಧ್ಯೆ ಆರು ಜನ ಗಾಳಿಯನ್ನು ತಳ್ಳುತ್ತ ನಿಂತಿದ್ದರು. ಮುಂದೆ ಕ್ಯಾಬಿನ್ನಿನಿಂದ ಬಿಳಿ ದುಪಟ್ಟಾದ ತಲೆಯೊಂದು ಹೊರಗೆ ಬಂದು, ಕೈಬೀಸಿ, ತಿರುವಿನಲ್ಲಿ ಮರೆಯಾಯಿತು.

ಲಾರಿಯ ಮೇಲೆ ಉಳಿದಿದ್ದವನು ಆದಿನಾರಾಯಣ ಒಬ್ಬನೇ. ಕುರ್ಚಿಗಳ ನಡುವೆ ಕೂತು, ಹಿಂದೆ ಓಡಿಬರುತ್ತಿದ್ದ ಪಾಲುದಾರನನ್ನು ನೋಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ಹನ್ನೆರಡಕ್ಕೆ ಹಲಸೂರಿನ ಬಂಕಿಗೆ ಮರಳಿದರು. ಪಾಷಾ ನಳಿಗೆಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಗಾಡಿಯನ್ನು ತೂಗಿ, ಗುಳ್ಳೆ ಬಿಡಿಸಿ, ಮತ್ತೆ ಕುತ್ತಿಗೆಯವರೆಗೆ ತುಂಬಿದ. ಮೀಟರ್ ನೋಡಿದ. ಆಕಾಶ ನೋಡಿದ. ಬೆರಳು ಮಡಚಿ ಎಣಿಸಿದ. ಪಾಷಾನ ಜೇಬಿನಿಂದ ಸ್ಪ್ಯಾನರಿನ ತುದಿ ಇಣುಕುತ್ತಿತ್ತು.

"ಒಂಬತ್ತೂವರೆ," ಅಂದ ಪಾಷಾ. ಸ್ಪ್ಯಾನರನ್ನು ಜೇಬಿನೊಳಕ್ಕೆ ತಳ್ಳಿ, "ನಮ್ಮ ಹಳೇ ಲಾರೀನೂ ಹೀಗೆ ಆಫ್ ಮಾಡಿ ಮಾಡಿ ಓಡ್ಸಿದ್ರೆ ಹನ್ನೊಂದು ಕೊಡ್ತಿತ್ತು ಸಾಬ್. ಅನ್ಯಾಯ ಆಯ್ತು ಅದಕ್ಕೆ."

"ತಳ್ಳೋಕೆ ಯಾರು, ನಿಮ್ಮಪ್ಪ ಬರ್ತಿದ್ನಾ," ಎಂದರು ಇಮಾಮ್ ಬೀ.

ಶಿವಾಜಿನಗರಕ್ಕೆ ಮರಳಿದಾಗ ನಮಾಜಿಗೆ ಇನ್ನೂ ಹೊತ್ತಿತ್ತು. ಪಾಷಾ ಮೇಜಿನ ಮೇಲಿದ್ದ ಹೊಳೆಯುವ ತಗಡನ್ನು ಎತ್ತಿಕೊಂಡ. ಹಬೀಬನ ಮುಖ ನೋಡಿದ, ಆದಿನಾರಾಯಣನ ಮುಖ ನೋಡಿದ. ಮಾಡಿದ ವಸ್ತುವನ್ನು ವ್ಯರ್ಥ ಮಾಡುವುದು ಅವನ ಜಾತಕದಲ್ಲಿರಲಿಲ್ಲ. ಒಂದು ತೂತಿಗೆ ತಂತಿಯ ಬಳೆ ಪೋಣಿಸಿ, ಬಳೆಗೆ ಲಾರಿಯ ಕೀಲಿ ಸಿಕ್ಕಿಸಿ, ಅಂಜನಮೂರ್ತಿಯ ಕೈಗೆ ಹಾಕಿದ.

"ಗಾಡಿ ನಿಂತ್ರೆ ಇದು ನಿನ್ನ ಜೇಬಲ್ಲಿರ್ಬೇಕು. ಕೂತ್ರೆ ತೊಡೆಗೆ ಚುಚ್ಚಬೇಕು. ಚುಚ್ಚಲಿಲ್ಲ ಅಂದ್ರೆ ಎಂಜಿನ್ ಓಡ್ತಾ ಇದೆ ಅಂತ ತಿಳ್ಕೋ."

ಆದಿನಾರಾಯಣ ಬೋರ್ಡನ್ನು ಮಗುಚಿ, ಹಿಂಬದಿಯಲ್ಲಿ ಕೆಂಪು ಬಣ್ಣದಿಂದ ಬರೆದ: 'ಗಾಡಿ ನಿಂತರೆ ಎಂಜಿನ್ ನಿಲ್ಲಿಸಬೇಕು. ಹಿಂದಿನ ಆದೇಶ ರದ್ದು. ತಪ್ಪು ನನ್ನದು.' ತಾರೀಖು ಹಾಕಿದ. ಸಹಿ ಮಾಡಿದ. ಅಂಜನಮೂರ್ತಿ ಅದಕ್ಕೂ ಕುಂಕುಮ ಇಟ್ಟು, ಹೂವು ಮರೆಮಾಡದ ಹಾಗೆ, ಪಟದ ಮೇಲುಗಡೆಗೆ ಹೊಡೆದ.

ಆಮೇಲೆ ಶಿವಾಜಿನಗರದಲ್ಲಿ ಯಾರಾದರೂ ಆ ಲಾರಿಯ ಮೈಲೇಜ್ ಹೇಗೆ ಬಂತೆಂದು ಕೇಳಿದರೆ ಪಾಷಾ ಎದೆಯುಬ್ಬಿಸಿ ಒಂದೇ ಮಾತು ಹೇಳುತ್ತಿದ್ದ. "ಏಳು ಕೊಡ್ತಿತ್ತು. ನಮ್ಮ ತಾಮ್ರದ ತಗಡು ಹಾಕ್ದೆ, ಒಂಬತ್ತೂವರೆ. ವಾರಂಟಿಗೂ ಏನೂ ಆಗಿಲ್ಲ, ಬೇಕಾದ್ರೆ ಇನ್‌ಸ್ಪೆಕ್ಟರ್ ಸಾಬ್‌ನ ಕೇಳಿ."

ಕೇಳಿದರೆ ಆದಿನಾರಾಯಣ ಹೌದೆಂದು ತಲೆಯಾಡಿಸುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ. ಮೇಲೆ ತೆರೆದ ಕಿಟಕಿಯಿಂದ ಅಡಿಕೆ ಕತ್ತರಿಸುವ ಸದ್ದು, ಅದರ ಹಿಂದೆಯೇ ಒಂದು ನಗು ಕೇಳಿಸುತ್ತಿತ್ತು.